ನಮ್ಮ ಮನಿಯವರ ಸಾಲಿ

ಐವತ್ತರ ದಶಕದಲ್ಲಿ ನಾನು ಓದುತ್ತಿದ್ದ ಇಳಕಲ್ಲಿನ ಹೈಸ್ಕೂಲಿಗೆ, ಹೊಸ ಕಟ್ಟಡ ಕಟ್ಟಿಸಿಕೊಟ್ಟ ಸೀರೆ ವ್ಯಾಪಾರಿಯ ಹೆಸರಿಟ್ಟರು. ಗ್ರಹಚಾರಕ್ಕೆ ನೇಕಾರನಾದ ನಮ್ಮಪ್ಪನ ಹೆಸರೂ ಅದೇ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದ್ದ ಅವ್ವನಿಗೆ, ಬೋರ್ಡು ಬದಲಾದ ದಿನದಿಂದ ನನ್ನ ಶಾಲೆಯ ಹೆಸರು ಬಾಯಿಗೆ ಬಾರದಾಯಿತು.

ಒಮ್ಮೆ ಹುನಗುಂದದಿಂದ ಬಂದ ಬೀಗರ ಹೆಣ್ಣುಮಗಳು, "ನಿಮ್ಮ ಮಗಾ ಯಾವ ಸಾಲಿಗೆ ಹೋಗ್ತಾನ್ರಿ?" ಎಂದು ಕೇಳಿದಳು.

ಅವ್ವ ಸೆರಗು ಸರಿಮಾಡಿಕೊಂಡು, "ನಮ್ಮ ಮನಿಯವರ ಹೆಸರಿನ ಸಾಲಿಗ್ರಿ" ಎಂದಳು.

ಆಕೆ ದಂಗಾಗಿ, ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದ ಅಪ್ಪನತ್ತ ತಿರುಗಿದಳು. "ನೀವು ಇಷ್ಟು ದೊಡ್ಡ ಮಂದಿ ಅಂತ ಗೊತ್ತಿರಲಿಲ್ರಿ, ಯಣ್ಣಾ!"

ಒಂದು ಇಟ್ಟಿಗೆಯನ್ನೂ ಕೊಡದ ಅಪ್ಪ ಲಾಳಿ ನಿಲ್ಲಿಸಿ, ಗಂಭೀರವಾಗಿ ಹೇಳಿದ: "ಅದರಾಗೇನೈತ್ರಿ, ಊರ ಹುಡುಗ್ರು ನಾಕಕ್ಷರ ಕಲೀಲಿ ಅಂತ."