ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ

ಅವರ ಎಡ ಹುಬ್ಬು ಸದಾ ಬೆಳ್ಳಗೆ, ಬಲ ಹುಬ್ಬು ಕಪ್ಪಗೆ. ವಯಸ್ಸಿನ ಮಾತಲ್ಲ, ಕಲ್ಲು ಕೊಯ್ಯುವ ಮಿಷನ್ನು ಧೂಳನ್ನು ಯಾವಾಗಲೂ ಎಡಗಡೆಗೇ ಉಗುಳುತ್ತಿತ್ತು. ಕಿವಿಯ ಮೇಲೆ ಮೋಟು ಪೆನ್ಸಿಲ್, ತಲೆ ಮೇಲೆ ಹೆಣಿಗೆಯ ಟೋಪಿ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಶಿವಾಜಿನಗರದ ಆ ಕಲ್ಲಿನ ಮೇಸ್ತ್ರಿಯನ್ನು ನಾವೆಲ್ಲ ಚಾಚಾ ಅನ್ನುತ್ತಿದ್ದೆವು.

ಅವರನ್ನು ನೆನೆದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಜೀವನ್ ಬಿಮಾ ನಗರದ ನಮ್ಮ ಅಡುಗೆಮನೆ. ಅಲ್ಲಿ ನಾಲ್ಕು ಜನ ಇದ್ದೆವು. ಚಾಚಾ ಕೈಕಟ್ಟಿ ನಿಂತಿದ್ದರು. ಮನೆಗೆಲಸದ ನಿಂಗಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಿದ್ದಳು. ನಾನು ದೇವರನ್ನು ನೆನೆಯುತ್ತಿದ್ದೆ. ನನ್ನ ಗಂಡ ಹೊಸ ಸಿಂಕಿನೊಳಗೆ ಮೊಣಕಾಲನ್ನು ಗಲ್ಲಕ್ಕೆ ಒತ್ತಿಕೊಂಡು ಕೂತಿದ್ದರು.

ಅವರು ಅಲ್ಲಿಗೆ ಹೇಗೆ ಹೋದರು ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬೆನ್ಸನ್ ಟೌನಿನ ಗೆಳತಿಯ ಮನೆಯಲ್ಲಿ ಫಾರ್ಮ್‌ಹೌಸ್ ಸಿಂಕ್ ನೋಡಿ ನಾನು ಸೋತು ಹೋಗಿದ್ದೆ. ಸುಟ್ಟ ಬಿಳಿ ಮಣ್ಣಿನದು, ಕೂಸಿಗೆ ನೀರೆರೆಯುವ ತೊಟ್ಟಿಯಷ್ಟು ಅಗಲ. ಬೇರೆ ಸಿಂಕಿನ ಹಾಗೆ ಕಲ್ಲಿನ ಕಟ್ಟೆಯೊಳಗೆ ಅಡಗಿ ಕೂರುವುದಿಲ್ಲ, ಎದೆ ಮುಂದೆ ಮಾಡಿಕೊಂಡು ನಿಲ್ಲುತ್ತದೆ. ಅದಕ್ಕೆ ಜೊತೆಯಾಗಿ ಹಸಿರು ಚುಕ್ಕೆಯ ಕರಿಕಲ್ಲು ಆರಿಸಿದ್ದೆ. ಅಂಗಡಿಯವನ ಹತ್ತಿರ ಆ ಬಣ್ಣದ್ದು ಅದೊಂದೇ ಚಪ್ಪಡಿ ಉಳಿದಿತ್ತು. "ಇದು ಒಡೆದರೆ ಇನ್ನೊಂದು ಸಿಗಲ್ಲ ಮೇಡಂ" ಅಂದಿದ್ದ. "ಇಷ್ಟೆಲ್ಲ ಯಾಕೆ, ಸ್ಟೀಲ್ ಸಿಂಕ್ ಸಾಲದಾ?" ಅಂತ ಗಂಡ ತಿಂಗಳಿಂದ ಗೊಣಗುತ್ತಿದ್ದರು. ಆ ಕಲ್ಲು ಒಡೆದರೆ ಮನೆಯಲ್ಲಿ ನನ್ನ ಮಾತಿಗೆ ಬೆಲೆ ಉಳಿಯುತ್ತಿರಲಿಲ್ಲ.

ಚಾಚಾ ಬಂದ ದಿನ ಸಿಂಕಿನ ಜೊತೆ ಬಂದಿದ್ದ ಅಳತೆಯ ಕಾಗದವನ್ನು ಹೆಮ್ಮೆಯಿಂದ ಕೈಗಿಟ್ಟೆ. ಅವರು ಅದನ್ನು ಮಡಚಿ, ಟೀ ಲೋಟದ ಕೆಳಗಿಟ್ಟುಕೊಂಡರು.

"ಚಾಚಾ, ಅದರಲ್ಲಿ ಎಲ್ಲಾ ಬರೆದಿದೆ!"

"ಕಾಗದ ಸುಳ್ಳು ಹೇಳಲ್ಲ ಅಮ್ಮಾ. ಆದ್ರೆ ಭಟ್ಟಿಯಲ್ಲಿ ಬೆಂದ ಮಣ್ಣು ಕಾಗದ ಓದಿರಲ್ಲ."

ಟೇಪು ಹಿಡಿದು ತೋರಿಸಿದರು. ಸಿಂಕಿನ ಎಡಬದಿ ಬಲಬದಿಗಿಂತ ಪೆನ್ಸಿಲ್ ದಪ್ಪದಷ್ಟು ಗಿಡ್ಡ. ಕಾಗದ ನಂಬಿ ಕಲ್ಲು ಕೊಯ್ದಿದ್ದರೆ ಅಷ್ಟಗಲ ಸಂದು ಬಾಯಿ ಬಿಟ್ಟುಕೊಂಡಿರುತ್ತಿತ್ತು. ಆಗ ಅವರು ಕೇಳಿದರು: "ಈ ಮನೇಲಿ ಪಾತ್ರೆ ತೊಳೆಯೋರು ಯಾರು?"

"ನಾನೇ" ಅಂದೆ. ಯಾಕೆ ಹಾಗಂದೆನೋ, ಹೊಸ ಸಿಂಕಿನ ಯಜಮಾನಿಕೆ ಇರಬೇಕು.

"ಕೈ ತೋರಿಸಿ."

ತೋರಿಸಿದೆ. ಉಗುರಿನ ಬಣ್ಣ ಒಂದು ಚೂರೂ ಹೋಗಿರಲಿಲ್ಲ.

ಗಂಡ ನೆರವಿಗೆ ಬಂದರು. "ಭಾನುವಾರ ನಾನು ತೊಳೀತೀನಿ ಮೇಸ್ತ್ರಿ."

"ಎಷ್ಟು ಭಾನುವಾರ ಸಾರ್?"

ಹಿತ್ತಲ ಬಾಗಿಲಲ್ಲಿ ನಿಂಗಮ್ಮ ಕಿಸಕ್ಕನೆ ನಕ್ಕಳು. ಯಾದಗಿರಿ ಕಡೆಯವಳು, ಗಂಡನ ಜೊತೆ ಬಾಡಿಗೆ ಕೋಣೆಯಲ್ಲಿದ್ದಳು, ಐದಡಿಗೂ ಗಿಡ್ಡ. ಚಾಚಾ ಅವಳನ್ನು ಕರೆದರು. "ಬಾರಮ್ಮಾ, ಚಪ್ಪಲಿ ಬಿಟ್ಟು ಇಲ್ಲಿ ನಿಂತ್ಕೋ. ಮೊಣಕೈ ಮಡಚು."

"ನಂದ್ಯಾಕ್ರೀ ಅಳತಿ? ನಾ ಏನ್ ಕುಪ್ಪಸ ಹೊಲಸಾಕ್ ಬಂದೀನೇನ್ರೀ?"

ಚಾಚಾ ಅವಳ ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ ಗೋಡೆಯ ಮೇಲೆ ಗೀಟು ಎಳೆದರು. "ಸಿಂಕಿನ ಅಂಚು ಇಲ್ಲಿಗೆ ಬರಬೇಕು. ಮೇಲಿದ್ರೆ ನೀರು ಕೈಗುಂಟ ಇಳಿದು ತೋಳು ನೆನೆಯುತ್ತೆ." ನಿಂಗಮ್ಮ ತನ್ನ ರವಿಕೆಯ ತೋಳು ಮುಟ್ಟಿಕೊಂಡಳು. ಅದು ಆಗಲೂ ಒದ್ದೆಯಿತ್ತು. ನಾಲ್ಕು ವರ್ಷದಿಂದ ದಿನಾ ನೋಡುತ್ತಿದ್ದೆ, ನನಗೆ ಕಂಡಿರಲಿಲ್ಲ.

ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ. ಬಡಗಿ ಕಾಗದದ ಲೆಕ್ಕಕ್ಕೆ ಕಪಾಟು ಮಾಡಿಟ್ಟು ಹೋಗಿದ್ದ. ಈ ಗೀಟಿಗೆ ತರಬೇಕಾದರೆ ಅದರ ಕಾಲು ಮೂರು ಇಂಚು ಕೊಯ್ಯಬೇಕು. "ನಾನು ಇಷ್ಟುದ್ದ ಇದ್ದೀನಿ ಚಾಚಾ. ತರಕಾರಿ ತೊಳೆಯೋಕೆ ನಾನು ಬಗ್ಗಬೇಕಾ? ಅಡುಗೆಮನೆ ನನ್ನದಲ್ವಾ?"

ಚಾಚಾ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಸಾಮಾನನ್ನು ಚೀಲಕ್ಕೆ ತುಂಬತೊಡಗಿದರು. "ಅಡುಗೆಮನೆ ನಿಮ್ಮದು. ಕೆಲಸ ನನ್ನದು. ಕಲ್ಲು ಒಂದ್ಸಲ ಕೂತ ಮೇಲೆ ಇಳಿಸೋಕೆ ಹೋದ್ರೆ ಒಡೆಯುತ್ತೆ. ನೀವು ದಿನಕ್ಕೆ ಎರಡು ಸಲ ಬಗ್ತೀರಿ. ಆಕೆ ದಿನಕ್ಕೆ ಎರಡು ಗಂಟೆ ನಿಲ್ತಾಳೆ. ಇಬ್ಬರಲ್ಲಿ ಯಾರದ್ದು ಸಿಂಕು, ಹೇಳಿ."

"ಬಿಡ್ರೀ ಯಜ್ಜಾ, ನಾ ಒಂದು ಇಟ್ಟಂಗಿ ಮ್ಯಾಲ್ ನಿಂತು ತೊಳೀತೀನಿ" ಅಂದಳು ನಿಂಗಮ್ಮ.

ಆ ಇಟ್ಟಿಗೆಯ ಮಾತು ನನ್ನನ್ನು ಸೋಲಿಸಿತು. "ಕೊಯ್ಯಿರಿ ಚಾಚಾ" ಅಂದೆ.

ಕಪಾಟಿನ ಕಾಲು ಕೊಯ್ದು, ಒಳಗೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಸಿಂಕನ್ನು ಅದರ ಮೇಲೆ ಕೂರಿಸಿದರು. ಕಲ್ಲಿಗೆ ಸಿಂಕನ್ನು ನೇತುಹಾಕುವವರನ್ನು ಕಂಡರೆ ಅವರಿಗಾಗುತ್ತಿರಲಿಲ್ಲ. "ನಕ್ಕೋ, ಬೇಡವೇ ಬೇಡ! ಅದು ಇದನ್ನ ಹೊರಬಾರದು, ಇದು ಅದನ್ನ ಹೊರಬಾರದು. ಗಂಡ ಹೆಂಡತಿ ಥರ ಪಕ್ಕಪಕ್ಕದಲ್ಲಿ ತಂತಮ್ಮ ಕಾಲ ಮೇಲೆ ನಿಲ್ಲಬೇಕು." ಆಮೇಲೆ ನನ್ನ ಗಂಡನನ್ನು ಮೇಲಿಂದ ಕೆಳಗೆ ನೋಡಿ, "ಸಾರ್, ತೂಕ ಎಷ್ಟು?" ಅಂದರು.

"ಎಂಬತ್ತೆರಡು. ಯಾಕೆ?"

"ತುಂಬಿದ ನೀರು, ಕುಕ್ಕರು, ಇಡ್ಲಿ ಪಾತ್ರೆ, ಎಲ್ಲಾ ಸೇರಿದ್ರೂ ನಿಮ್ಮಷ್ಟು ಆಗಲ್ಲ. ಕೂತ್ಕೊಳಿ."

ಹೀಗೆ ನನ್ನವರು ಸಿಂಕಿನೊಳಗೆ ಹೋದದ್ದು. ಚೌಕಟ್ಟು ಕೂದಲೆಳೆಯಷ್ಟೂ ಕದಲಲಿಲ್ಲ. "ಪಾಸ್! ಇಳೀರಿ ಸಾರ್" ಅಂದರು ಚಾಚಾ.

"ಆಗ್ತಿಲ್ಲ ಮೇಸ್ತ್ರಿ. ಸಿಕ್ಕಾಕ್ಕೊಂಡಿದೀನಿ."

ಒಂದು ತೋಳು ನಾನು, ಇನ್ನೊಂದು ಚಾಚಾ ಹಿಡಿದು ಎಳೆದೆವು. "ಸಾಬೂನ್ ನೀರ್ ಹಾಕ್ಲೇನ್ರೀ ಅಕ್ಕಾರ?" ಅಂತ ನಿಂಗಮ್ಮ ಚೊಂಬು ಹಿಡಿದು ತಯಾರಾಗಿ ನಿಂತಿದ್ದಳು. ನೀರು ಬೀಳುವ ಮೊದಲೇ ನನ್ನವರು ಹೇಗೋ ಎದ್ದು ಬಂದುಬಿಟ್ಟರು.

ಮಾರನೆಯ ದಿನ ಚಾಚಾ ಬಿಸ್ಮಿಲ್ಲಾ ಅಂದು ಕಲ್ಲಿಗೆ ಮಿಷನ್ನು ಮುಟ್ಟಿಸಿದರು. ನಾನು ನೋಡಲಾರದೆ ಬಚ್ಚಲಲ್ಲಿ ಹೋಗಿ ನಿಂತೆ. ಸದ್ದು ನಿಂತ ಮೇಲೆ ಬಂದು ನೋಡಿದರೆ ಕಲ್ಲು ಸಿಂಕಿನ ಅಂಚನ್ನು ರೆಪ್ಪೆಯ ಹಾಗೆ ಮುಚ್ಚಿ ಕೂತಿತ್ತು. ಸಿಂಕಿನ ಎದೆ ಕಪಾಟಿಗಿಂತ ಅರ್ಧ ಬೆರಳು ಮುಂದಿತ್ತು. ಚಾಚಾ ಒಂದು ಚೊಂಬು ನೀರು ಅಂಚಿಗೆ ಚೆಲ್ಲಿದರು. ನೀರು ಮರಕ್ಕೆ ತಾಗದೆ ನೇರ ನೆಲಕ್ಕೆ ಬಿತ್ತು. ನಿಂಗಮ್ಮ ಮೊದಲ ಬಾಣಲೆ ತೊಳೆದು, ಕೈಯೆತ್ತಿ ತೋಳು ತೋರಿಸಿದಳು. ಒಣಗಿತ್ತು.

ಅಂದಿನಿಂದ ನಾನು ಸೊಪ್ಪು ತೊಳೆಯಲು ಬಗ್ಗುತ್ತಲೇ ಇದ್ದೇನೆ, ಬಗ್ಗಿದಾಗಲೆಲ್ಲ ಚಾಚಾನನ್ನು ಬೈಯುತ್ತಲೂ ಇದ್ದೆ.

ಹೋದ ಚಳಿಗಾಲದಲ್ಲಿ ಚಾಚಾ ತೀರಿಕೊಂಡರು. ಸುದ್ದಿ ನಮಗೆ ತಡವಾಗಿ ತಿಳಿಯಿತು. ಶಿವಾಜಿನಗರದ ಆ ಗಲ್ಲಿ ಹುಡುಕಿಕೊಂಡು ಗಂಡ, ನಾನು ಹೋದೆವು. ಅವರ ಹೆಂಡತಿ ನನ್ನ ಭುಜದಷ್ಟೇ ಎತ್ತರದ ಸಣ್ಣ ಜೀವ. ಬೇಡ ಅಂದರೂ ಟೀ ಮಾಡಿಕೊಟ್ಟರು. ಖಾಲಿ ಲೋಟ ಎತ್ತಿಕೊಂಡು ಅವರು ಒಳಗೆ ಹೋದಾಗ ನಾನೂ ಹಿಂದೆಯೇ ಹೋದೆ. ಅಡುಗೆಮನೆಯ ಸಿಂಕು ಅವರ ಎದೆಯ ಮಟ್ಟಕ್ಕಿತ್ತು. ಕೆಳಗೆ ಒಂದು ಮಣೆ.

"ಇಷ್ಟು ಎತ್ತರಕ್ಕೆ ಯಾಕೆ ಮಾಡಿದ್ರು ಚಾಚಾ?" ಅಂದೆ.

"ನನಗೆ ಸೋಪಿನ ನೀರು ಆಗಲ್ಲಮ್ಮಾ, ಕೈ ಒಡೆಯುತ್ತೆ. ಮದುವೆಯಾದಾಗಿನಿಂದ ಪಾತ್ರೆ ಅವರೇ ತೊಳೀತಿದ್ದದ್ದು. ಮಣೆ ಈಗ ತಂದಿದ್ದು."

ಅವರು ಮಣೆ ಹತ್ತಲು ಹೋದರು. ನಾನು ಅವರ ಕೈಯಿಂದ ಲೋಟಗಳನ್ನು ತೆಗೆದುಕೊಂಡು, ಮಣೆಯನ್ನು ಪಕ್ಕಕ್ಕೆ ಸರಿಸಿ ನಲ್ಲಿ ತಿರುಗಿಸಿದೆ. ಒಲೆಯ ಮೇಲಿದ್ದ ಟೀ ಪಾತ್ರೆಯನ್ನೂ ತೊಳೆದೆ. ಬಗ್ಗಬೇಕಾಗಲಿಲ್ಲ.