ಬೈಟು ಲವಂಗ

ಇವತ್ತು ನಮ್ಮನೆಯವರ ನಿನ್ನೆಯ ಫ್ಯಾಕ್ಟರಿ ಅಂಗಿಯನ್ನು ನೆನೆಹಾಕೋ ಮುಂಚೆ ಎಂದಿನಂತೆ ಮೂಸಿ ನೋಡಿದೆ. ನಗಬೇಡಿ. ದೇವರ ಹೂವನ್ನು ಮೂಸಬಾರದು, ಗಂಡನ ಅಂಗಿಗೆ ಆ ನೇಮವಿಲ್ಲ. ಗ್ರೀಸು, ಬೆವರು, ಅಷ್ಟೇ. ಹೊಗೆ ವಾಸನೆಯಿಲ್ಲ ಸದ್ಯ, ಶಿವನೇ. ಜೇಬಲ್ಲಿ ಅರ್ಧ ಲವಂಗ ಸಿಕ್ಕಿತು.

ಅರ್ಧ ಯಾಕೆ ಅಂದರೆ ರಂಗಸ್ವಾಮಿಯ ವಿಷಯ ಹೇಳಬೇಕು. ಪೀಣ್ಯದಲ್ಲಿ ಇವರ ಪಕ್ಕದ ಲೇತ್ ಮೆಷೀನಿನಲ್ಲಿದ್ದವರು. ಗೇಟಿನಾಚೆ ಇಬ್ಬರದೂ ಬೈಟು ಟೀ, ಬೈಟು ಸಿಗರೇಟು. "ನಾನೆಲ್ಲಿ ಸೇದ್ತೀನೇ, ಅರ್ಧ ತಾನೆ" ಅಂತ ಇವರ ವಾದ. ಆ ಅರ್ಧರ್ಧದ ಕೆಮ್ಮು ಮಾದನಾಯಕನಹಳ್ಳಿಯ ನಮ್ಮ ಬೀದಿಗೆಲ್ಲ ಕೇಳೋದು. ನಾನು ಸೋಮವಾರ ಒಪ್ಪತ್ತು ಹಿಡಿದೆ. ಹೊಗೆ ನಿಲ್ಲಲಿಲ್ಲ, ನಾನು ತೆಳ್ಳಗಾದೆ.

ಕೊನೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ತಂಬಾಕು ಬಿಡಿಸೋ ಕಡೆ ಎಳಕೊಂಡು ಹೋದೆ. ಅಲ್ಲಿದ್ದ ಹುಡುಗಿ ಬೈಯಲಿಲ್ಲ. "ಯಾರ ಜೊತೆ ಸೇದ್ತೀರಾ ಸಾರ್?" ಅಂತ ಕೇಳಿದಳು. "ಹಾಗಾದ್ರೆ ಅವರನ್ನೂ ಕರ್ಕೊಂಬನ್ನಿ. ಒಬ್ಬರೇ ಬಿಡೋದು ಕಷ್ಟ."

ರಂಗಸ್ವಾಮಿ ಬಂದರು. "ಬುಡಾಣ ಕಣಕ್ಕ. ಪೂರ್ತಿ ಒಂದು ಸೇದಿ ನಂಗೆಲ್ಲಿ ಅಭ್ಯಾಸ?" ಅಂತ ನಕ್ಕರು. ಚಪಲ ಎದ್ದಾಗ ಬಾಯಿಗೆ ಲವಂಗ. ಅದನ್ನೂ ಮುರಿದು ಬೈಟು.

ಇಬ್ಬರೂ ಬಿಟ್ಟರು. ಆದರೆ ರಂಗಸ್ವಾಮಿಯ ಎದೆ ಆಗಲೇ ಕೆಟ್ಟಿತ್ತು. ಮುಂದಿನ ಯುಗಾದಿ ಕಾಣಲಿಲ್ಲ. ಬಿಟ್ಟದ್ದರಿಂದ ಕೊನೆಗೆ ಉಸಿರು ಒಂಚೂರು ಸಲೀಸಾಗಿತ್ತಂತೆ. ಅದನ್ನೇ ಪ್ರಸಾದ ಅಂದುಕೊಂಡೆ.

ಅವರ ಹಳ್ಳಿಯಲ್ಲಿ ತಿಥಿಯ ದಿನ ಸಮಾಧಿಗೆ ಎಡೆ ಇಟ್ಟರು. ಮುದ್ದೆ, ಸಾರು, ಟೀ, ಒಂದು ಸಿಗರೇಟು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಇಡಬೇಕಲ್ಲ. ರಂಗಸ್ವಾಮಿಯ ಅಣ್ಣ ಆ ಸಿಗರೇಟನ್ನು ನಮ್ಮನೆಯವರ ಕೈಗೆ ಕೊಟ್ಟು, "ಜೊತೆಗಾರ ನೀನು. ನೀನೇ ಹಚ್ಚಿ, ಒಂದು ದಮ್ಮೆಳ್ದು ಇಡಪ್ಪ" ಅಂದರು. ಇವರು ತುಟಿಯವರೆಗೂ ಒಯ್ದರು. ನನ್ನ ಬಾಯಲ್ಲಿ ಪಂಚಾಕ್ಷರಿ ಅರ್ಧಕ್ಕೇ ನಿಂತಿತು.

"ಅವನು ಬಿಟ್ಟಿದ್ದ ಕಣಣ್ಣ" ಅಂದರು. "ಕಷ್ಟಪಟ್ಟು ಬಿಟ್ಟಿದ್ದ. ಈಗ್ಯಾಕೆ ಸೇದಿಸ್ತೀರಾ?" ಸಿಗರೇಟು ವಾಪಸ್ ಕೊಟ್ಟು, ಜೇಬಿನ ಲವಂಗ ಮುರಿದು ಅರ್ಧವನ್ನು ಎಲೆಯ ಮೇಲಿಟ್ಟರು.

ಈಗಲೂ ಮುರಿಯುತ್ತಾರೆ. ತೆಗೆದುಕೊಳ್ಳೋರಿಲ್ಲದ ಅರ್ಧ ಜೇಬಿನಲ್ಲೇ ಮನೆಗೆ ಬರುತ್ತೆ. ಇಷ್ಟು ದಿನ ಎಸೀತಿದ್ದೆ.

ಅಂಗಿ ಇನ್ನೂ ಕೈಯಲ್ಲೇ ಇತ್ತು, ಅವರ ಟೀ ಹೊತ್ತು, ಫೋನು ಬಂತು. ಆ ಕಡೆ ಲಾರಿಗಳ ಸದ್ದು.

"ಏನ್ರೀ?"

"ಏನಿಲ್ಲ. ಗೇಟ್ ಹತ್ರ ಇದ್ದೀನಿ. ಒಬ್ಬನೇ."

ಆ ಅರ್ಧವನ್ನು ಬಾಯಿಗೆ ಹಾಕಿಕೊಂಡೆ. ಗ್ರೀಸು ಹತ್ತಿತ್ತೇನೋ, ಖಾರಕ್ಕಿಂತ ಕಹಿ.

"ಒಂದು ಲವಂಗ ಮುರ್ಕೊಳ್ಳಿ" ಅಂದೆ. "ಇಲ್ಲಿ ನಾನೂ ಅರ್ಧ ಅಗೀತಿದ್ದೀನಿ."