ಎರಡನೆಯ ಗೋಲ್‌ಕೀಪರ್ ಮಾಬೆಲ್

ನನ್ನ ಅಕ್ಕ ಎಲೋದಿಯಾಳ ಮಗಳು ಮಾಬೆಲ್ ಚೆಂಡಿಗಿಂತ ಮೊದಲು ಇಟ್ಟಿಗೆ ಹಿಡಿಯಲು ಕಲಿತವಳು. ತೊಬಾತಿಯಲ್ಲಿ ನಮ್ಮದು ಇಟ್ಟಿಗೆ ಗೂಡಿನ ಮನೆತನ. ಲಾರಿ ಬಂತೆಂದರೆ ಮನೆಮಂದಿಯೆಲ್ಲ ಹೊರಗೆ ಬರಬೇಕು. ಕೆಳಗೆ ನಿಂತವರು ಇಟ್ಟಿಗೆಗಳನ್ನು ಜೋಡಿಯಾಗಿ ಮೇಲಕ್ಕೆ ಎಸೆಯುತ್ತಾರೆ, ಲಾರಿಯ ಮೇಲಿದ್ದವರು ಹಿಡಿದು ಪೇರಿಸುತ್ತಾರೆ. ಮಾಬೆಲ್ ಯಾವಾಗಲೂ ಮೇಲೆಯೇ. ನಾನು ಎಷ್ಟೇ ಅಡ್ಡಾದಿಡ್ಡಿ ಎಸೆದರೂ ಬಿಡುತ್ತಿರಲಿಲ್ಲ. "ಚಿಕ್ಕಮ್ಮ, ಸ್ವಲ್ಪ ಜೋರಾಗಿ ಎಸಿ, ನಿದ್ದೆ ಬರ್ತಿದೆ" ಎಂದು ರೇಗಿಸುತ್ತಿದ್ದಳು.

ಶಾಲೆಯ ತಂಡದಲ್ಲಿ ಗೋಲಿನೆದುರು ನಿಲ್ಲಲು ಯಾರೂ ಒಪ್ಪದಿದ್ದಾಗ ಇವಳನ್ನು ನಿಲ್ಲಿಸಿದರು. ಅಲ್ಲಿಂದ ಜಿಲ್ಲಾ ತಂಡ, ಅಲ್ಲಿಂದ ರಾಜಧಾನಿ ಅಸುನ್ಸಿಯೋನ್‌ನ ಶಿಬಿರ. ಹದಿನಾರು ತುಂಬುವ ಹೊತ್ತಿಗೆ ದೇಶದ ಹದಿನೇಳರೊಳಗಿನ ಹುಡುಗಿಯರ ತಂಡದಲ್ಲಿದ್ದಳು. ಊರಿನ ರೇಡಿಯೋದವನು ದಿನಾ ಅವಳ ಹೆಸರು ಹೇಳಿದ. ಅವನು ಹೇಳದೆ ಬಿಟ್ಟದ್ದು ಒಂದೇ ಮಾತು: ಮಾಬೆಲ್ ಎರಡನೆಯ ಗೋಲ್‌ಕೀಪರ್. ಮೊದಲನೆಯವಳು ಫಿಯೊರೆಲ್ಲಾ, ರಾಜಧಾನಿಯ ಹುಡುಗಿ, ಇವಳಿಗಿಂತ ಒಂದು ಗೇಣು ಎತ್ತರ.

ವಿಶ್ವಕಪ್ಪಿಗೆ ಯಾರು ಹೋಗಬೇಕೆಂದು ತೀರ್ಮಾನಿಸುವ ಪಂದ್ಯಗಳು ಆ ವರ್ಷ ನಮ್ಮ ದೇಶದಲ್ಲೇ ನಡೆದವು. ನಾನೂ ಅಕ್ಕನೂ ಪ್ರತಿ ಸಲ ಬಸ್ ಹತ್ತಿ ಹೋದೆವು. ಪ್ರತಿ ಸಲವೂ ನೋಡಿದ್ದು ಅದನ್ನೇ. ಆಟಕ್ಕೆ ಮುಂಚೆ ಮಾಬೆಲ್ ಫಿಯೊರೆಲ್ಲಾಳಿಗೆ ಚೆಂಡು ಹೊಡೆದು ಅಭ್ಯಾಸ ಮಾಡಿಸುತ್ತಾಳೆ, ಸೀಟಿ ಊದಿದಾಗ ಮೇಲಂಗಿ ಹಾಕಿಕೊಂಡು ಬೆಂಚಿಗೆ ಹೋಗುತ್ತಾಳೆ. ಅಕ್ಕ ತಣ್ಣನೆಯ ತೆರೆರೆ ಕಷಾಯದ ಲೋಟವನ್ನು ನನ್ನ ಕೈಗೆ ತುರುಕಿ, "ಕೂರೋದನ್ನ ನೋಡೋಕೆ ಇಷ್ಟು ದೂರ ಬರಬೇಕಾ ಬ್ಲಾಸಿ? ಮನೇಲೂ ಕೂರ್ತಾಳೆ" ಎನ್ನುತ್ತಿದ್ದಳು. ತಮಾಷೆಗೆ ಹೇಳಿದಂತಿತ್ತು, ಮುಖದಲ್ಲಿ ನಗು ಮಾತ್ರ ಇರುತ್ತಿರಲಿಲ್ಲ.

ಕೊನೆಯ ಪಂದ್ಯ ಎಕ್ವಡಾರ್ ಮೇಲೆ. ಗೆದ್ದರೆ ವಿಶ್ವಕಪ್, ಇಲ್ಲದಿದ್ದರೆ ಮನೆ. ವಿರಾಮಕ್ಕೆ ಮುಂಚೆ ನಮ್ಮವರು ಒಂದು ಗೋಲು ಹೊಡೆದರು. ಆಮೇಲೆ ಬರೀ ತಡೆಯುವ ಕೆಲಸ. ಒಂದು ಎತ್ತರದ ಚೆಂಡಿಗೆ ಹಾರಿದ ಫಿಯೊರೆಲ್ಲಾ ಕಂಬಕ್ಕೆ ಬಡಿದು ಬಿದ್ದಳು. ಎದ್ದಳು ನಿಜ, ಆದರೆ ಬಲಗಾಲು ನೆಲಕ್ಕೆ ಊರುತ್ತಿರಲಿಲ್ಲ. ಮೇಲಿನ ಮೆಟ್ಟಿಲಿನಲ್ಲಿದ್ದ ನಮಗೇ ಕಾಣುತ್ತಿತ್ತು.

ಮಾಬೆಲ್ ಬೆಂಚಿನಿಂದೆದ್ದು ತರಬೇತುಗಾರ್ತಿಯ ಹತ್ತಿರ ಹೋದಳು. ಹುಡುಗಿಯರು ಪ್ರೊಫೆ, ಅಂದರೆ ಮೇಡಂ, ಎಂದು ಕರೆಯುತ್ತಿದ್ದ ನಿಮಿಯಾ ಎಂದರೆ ಅವರಿಗೆಲ್ಲ ಭಯ. ಅಲ್ಲಿ ನಡೆದ ಮಾತನ್ನು ಮಾಬೆಲ್ ನನಗೆ ಆಮೇಲೆ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ.

"ಪ್ರೊಫೆ, ಅವಳ ಮಂಡಿ ಹೋಗಿದೆ. ನೆಗೆಯೋಕಾಗಲ್ಲ."

"ನಾನು ಕೇಳಿದ್ನಾ ನಿನ್ನ?"

"ಕೇಳಿಲ್ಲ. ಆದ್ರೂ ನೋಡಿ, ಕುಂಟ್ತಿದಾಳೆ."

ಪ್ರೊಫೆ ಫಿಯೊರೆಲ್ಲಾಳತ್ತ ಕೈ ಆಡಿಸಿ ಸನ್ನೆಯಲ್ಲೇ ಕೇಳಿದಳು. ಅವಳು ಹೆಬ್ಬೆರಳೆತ್ತಿ ತೋರಿಸಿದಳು. ಯಾವ ಹುಡುಗಿ ತಾನೇ ಆ ಹೊತ್ತಿನಲ್ಲಿ ಹೊರಗೆ ಬರುತ್ತೇನೆ ಎಂದಾಳು?

"ಹೋಗಿ ಕೂತ್ಕೊ" ಎಂದಳು ಪ್ರೊಫೆ. ಆಟಗಾರ್ತಿಯನ್ನು ಬದಲಿಸಲು ಉಳಿದಿದ್ದ ಒಂದೇ ಒಂದು ಅವಕಾಶವನ್ನು ದಣಿದಿದ್ದ ಮುಂಚೂಣಿ ಆಟಗಾರ್ತಿಗಾಗಿ ಬಳಸಿಬಿಟ್ಟಳು.

ಸ್ವಲ್ಪ ಹೊತ್ತಿಗೇ ಎಕ್ವಡಾರ್‌ನ ಒಬ್ಬಳು ಎಲ್ಲರನ್ನೂ ದಾಟಿಕೊಂಡು ಬಂದಳು. ಫಿಯೊರೆಲ್ಲಾ ಕುಂಟುತ್ತಲೇ ಮುಂದೆ ಓಡಿ, ಚೆಂಡು ಸಿಗದೆ ಅವಳ ಕಾಲಿಗೇ ಅಡ್ಡ ಬಿದ್ದಳು. ಪೆನಾಲ್ಟಿ. ಫಿಯೊರೆಲ್ಲಾ ಮತ್ತೆ ಏಳಲಿಲ್ಲ, ಅವಳನ್ನು ಎತ್ತಿಕೊಂಡು ಹೋಗಬೇಕಾಯಿತು. ಬದಲಾವಣೆ ಉಳಿದಿಲ್ಲ. ಗೋಲ್‌ಕೀಪರ್ ಬೆಂಚಿನಲ್ಲಿದ್ದಾಳೆ, ಆದರೆ ಗೆರೆ ದಾಟುವಂತಿಲ್ಲ. ಅಕ್ಕ ಎದ್ದು ನಿಂತು, "ನನ್ನ ಮಗಳನ್ನ ಬಿಡ್ರೋ! ಅದೇ ಕೆಲಸಕ್ಕೆ ಬಂದಿದಾಳೆ!" ಎಂದು ಕಿರುಚಿದಳು. ಪಕ್ಕದವನು ನಿಯಮ ವಿವರಿಸಲು ಹೋದ. "ನಿಯಮ ನಿನ್ನ ಹೆಂಡತಿಗೆ ಹೇಳು" ಎಂದಳು.

ರಕ್ಷಣೆಯಲ್ಲಿ ಆಡುತ್ತಿದ್ದ ಯಾಮಿಲಾ ಗೋಲಿಗೆ ನಿಲ್ಲಲು ಮುಂದೆ ಬಂದಳು. ಜನ್ಮದಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದವಳಲ್ಲ. ಫಿಯೊರೆಲ್ಲಾಳ ಕೈಗವಸು ಅವಳ ಕೈಗೆ ಹೊಂದಲಿಲ್ಲ. ಬೆಂಚಿನತ್ತ ಓಡಿ ಬಂದಳು. ಮಾಬೆಲ್ ಆಟ ಶುರುವಾದಾಗಿನಿಂದ ತನ್ನವನ್ನು ಹಾಕಿಕೊಂಡೇ ಕುಳಿತಿದ್ದಳು. ಬಿಚ್ಚಿದಳು, ಯಾಮಿಲಾಳ ಕೈಗೆ ತಾನೇ ತೊಡಿಸಿದಳು, ಪಟ್ಟಿ ಬಿಗಿದಳು.

"ಯಾವ ಕಡೆ ಹಾರ್ಲಿ?" ಯಾಮಿಲಾ ಕೇಳಿದಳು.

"ಎಡಕ್ಕೆ. ಅವಳು ಆ ಕಡೆಗೇ ಹೊಡೆಯೋದು. ನಾನು ನೋಡಿದೀನಿ. ಯೋಚನೆ ಮಾಡ್ಬೇಡ, ಎಡಕ್ಕೆ ಬಿದ್ಬಿಡು."

ಯಾಮಿಲಾ ಹೋಗಿ ನಿಂತಳು. ಎಕ್ವಡಾರ್‌ನ ಹುಡುಗಿ ಓಡಿಬಂದು ಒದ್ದಳು. ಯಾಮಿಲಾ ಎಡಕ್ಕೆ ಹಾರಲಿಲ್ಲ, ಬಲಕ್ಕೂ ಹಾರಲಿಲ್ಲ. ಹೆದರಿಕೆಗೆ ಕಾಲೇ ಏಳದೆ ಕಲ್ಲಿನಂತೆ ನಿಂತಿದ್ದಳು. ಚೆಂಡು ನೇರ ನಡುವೆ ಬಂದು ಅವಳ ಮೊಣಕಾಲಿಗೆ ಬಡಿದು ಮೇಲೆ ಹಾರಿ ಗೋಲಿನಾಚೆ ಹೋಯಿತು.

ಉಳಿದ ಕೆಲವು ನಿಮಿಷ ಹೇಗೋ ತಡೆದುಕೊಂಡು ಗೆದ್ದೆವು. ಅಂಗಳದ ತುಂಬ ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಹೊರಳಾಡಿದರು. ಯಾಮಿಲಾಳನ್ನು ಹೆಗಲ ಮೇಲೆ ಹೊತ್ತರು. ಮಾಬೆಲ್ ಕೂಡ ಓಡಿದಳು, ಕುಣಿದಳು, ಎಲ್ಲರನ್ನೂ ತಬ್ಬಿದಳು. ಅವಳು ಕುಣಿಯುವ ರೀತಿ ನನಗೆ ಗೊತ್ತು. ಅದು ಆ ಕುಣಿತವಲ್ಲ.

ಮರುದಿನ ಮನೆಗೆ ಬಂದಳು. ಅಕ್ಕ ಮರಗೆಣಸು ಬೇಯಿಸಿ, ಕೋಳಿಸಾರು ಮಾಡಿದ್ದಳು. ನೆರೆಹೊರೆಯವರು ಬಂದು ಬೆನ್ನು ತಟ್ಟಿ ಹೋದರು. ಎಲ್ಲರೂ ಹೋದಮೇಲೆ ಗೂಡಿನ ಹಿಂದೆ ಒಬ್ಬಳೇ ಕುಳಿತಿದ್ದಳು. ನಾನು ಪಕ್ಕದಲ್ಲಿ ಕುಳಿತೆ.

"ನಿನ್ನನ್ನ ಬಿಟ್ಟಿದ್ರೆ ನೀನೂ ತಡೀತಿದ್ದೆ ಬಿಡು" ಎಂದೆ, ಸಮಾಧಾನಕ್ಕೆ.

"ಇಲ್ಲ ಚಿಕ್ಕಮ್ಮ. ಅದೇ ಅಲ್ವಾ ಉರಿಯೋದು? ನಾನಿದ್ದಿದ್ರೆ ಎಡಕ್ಕೆ ಹಾರ್ತಿದ್ದೆ. ಗೋಲಾಗ್ತಿತ್ತು. ನಾವು ಹೋಗ್ತಾನೇ ಇರ್ಲಿಲ್ಲ." ಒಂದು ಹೆಂಟೆ ತೆಗೆದು ಗೋಡೆಗೆ ಬೀಸಿದಳು. "ನನ್ನನ್ನ ಕೂರಿಸಿದ್ದೇ ಸರಿಯಾಯ್ತು ಅನ್ನೋ ಹಾಗಾಯ್ತು. ಆದ್ರೆ ಸರಿಯಲ್ಲ ಅದು. ಯಾರಿಗೆ ಹೇಳ್ಲಿ ಇದನ್ನ? ಯಾರಿಗೆ ಹೇಳಿದ್ರೂ ಹೊಟ್ಟೆಕಿಚ್ಚು ಅಂತಾರೆ."

"ಹೊಟ್ಟೆಕಿಚ್ಚು ಇಲ್ವಾ?"

"ಇದೆ. ಅದೂ ಇದೆ."



ಶಿಬಿರಕ್ಕೆ ಮರಳಿದ ವಾರವೇ ಪ್ರೊಫೆಯ ಕೋಣೆಗೆ ನುಗ್ಗಿದಳಂತೆ. "ಕೈಗವಸು ಒದಗಿಸೋಕೆ ನನ್ನನ್ನ ಇಟ್ಕೊಂಡಿದ್ರೆ ಈಗ್ಲೇ ಹೇಳಿ, ಮನೇಲಿ ಇಟ್ಟಿಗೆ ಕೆಲಸ ಬೇಕಾದಷ್ಟಿದೆ" ಎಂದಳಂತೆ. ಪ್ರೊಫೆ ಬೈಯಲಿಲ್ಲ. "ಆವತ್ತು ತಪ್ಪು ಮಾಡಿದ್ದು ನಾನು. ಗೆದ್ದಿದ್ರಿಂದ ಯಾರೂ ಕೇಳ್ಲಿಲ್ಲ, ನೀನೊಬ್ಬಳು ಕೇಳ್ದೆ" ಎಂದಳು. ಮಾಬೆಲ್ ಏನೋ ಆಗುತ್ತದೆಂದು ಕಾದಳು. ಅದರ ಬೆನ್ನಿಗೇ ಪ್ರೊಫೆ ಹೇಳಿದ್ದು: "ಆದ್ರೆ ಫಿಯೊರೆಲ್ಲಾ ವಾಸಿಯಾದ್ರೆ ಅವಳೇ ಆಡೋದು. ನಿನಗಿಂತ ಚೆನ್ನಾಗಿ ಆಡ್ತಾಳೆ. ಸುಳ್ಳು ಹೇಳಲ್ಲ."

ಫಿಯೊರೆಲ್ಲಾ ವಾಸಿಯಾದಳು. ವಿಶ್ವಕಪ್ಪಿನಲ್ಲಿ ಅವಳೇ ಆಡಿದಳು. ನಮ್ಮವರು ಮೊದಲ ಎರಡೂ ಪಂದ್ಯ ಸೋತರು. ಮೂರನೆಯದೂ ಕೈತಪ್ಪಿ, ಇನ್ನೇನು ಮುಗಿಯಬೇಕು ಎನ್ನುವಾಗ ಪ್ರೊಫೆ ಮಾಬೆಲ್‌ಳನ್ನು ಒಳಗೆ ಕಳಿಸಿದಳು. ತೊಬಾತಿಯಲ್ಲಿ ನಾವೆಲ್ಲ ಟಿವಿಯ ಮುಂದೆ ಕೇಕೆ ಹಾಕಿದೆವು. ಎದುರಾಳಿಗಳು ಗೆದ್ದ ಆಟವನ್ನು ಆರಾಮವಾಗಿ ಮುಗಿಸುತ್ತಿದ್ದರು. ಒಬ್ಬಳೂ ಗೋಲಿನತ್ತ ಚೆಂಡು ಒದೆಯಲಿಲ್ಲ. ನಮ್ಮ ರಕ್ಷಣೆಯವಳೇ ಒಮ್ಮೆ ಹಿಂದಕ್ಕೆ ತಳ್ಳಿದ್ದನ್ನು ಮಾಬೆಲ್ ಕಾಲಿನಿಂದ ದೂರ ಒದ್ದಳು. ಅಷ್ಟೇ. ಮುಗಿಯಿತು.

"ಹೊಡೀರೇ ಒಂದು!" ಎಂದು ಅಕ್ಕ ಟಿವಿಗೆ ಬೈದಳು. "ಒಂದಾದ್ರೂ ಹೊಡೀರೇ ಹಾಳಾದೋರೆ!" ಸ್ವಂತ ಮಗಳ ಗೋಲಿಗೆ ಹೊಡೆಯಿರೆಂದು ಎದುರಾಳಿಗಳನ್ನು ಬೇಡಿಕೊಂಡ ತಾಯಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈಗ ಅವಳಿಗೆ ಇಪ್ಪತ್ತು. ಹತ್ತಿರದ ಕಾಕುಪೆಯ ಒಂದು ಸಣ್ಣ ಕ್ಲಬ್ಬಿಗೆ ಆಡುತ್ತಾಳೆ, ಮೊದಲನೆಯ ಗೋಲ್‌ಕೀಪರ್. ವಾರದ ದಿನ ಗೂಡಿನ ಕೆಲಸ. ವಿಶ್ವಕಪ್ಪಿಗೆ ಹೋಗಿದ್ದವಳು, ಎಂಥ ಅದೃಷ್ಟ ಎಂದು ಯಾರಾದರೂ ಹೇಳಿದರೆ ಮುಖ ಗಂಟಿಕ್ಕುತ್ತಾಳೆ. ಕಳೆದ ಭಾನುವಾರ ಅವರು ನಾಲ್ಕು ಗೋಲು ತಿಂದು ಸೋತರು, ಅದರಲ್ಲಿ ಎರಡು ಪೂರಾ ಅವಳದೇ ತಪ್ಪು. ಕೆಂಪು ಮಣ್ಣು ಮೆತ್ತಿಕೊಂಡು ಹೊರಬಂದವಳು ದಾರಿಯುದ್ದಕ್ಕೂ ತನ್ನನ್ನೂ, ರಕ್ಷಣೆಯವರನ್ನೂ, ರೆಫರಿಯನ್ನೂ ಬೈದಳು. ಬಸ್ಸಿನಲ್ಲಿ ಕೂತಮೇಲೂ ನಿಲ್ಲಿಸಲಿಲ್ಲ.

"ಸಾಕು ಮಾಡೇ, ಜನ ನೋಡ್ತಿದಾರೆ" ಎಂದೆ.

"ನೋಡ್ಲಿ ಚಿಕ್ಕಮ್ಮ. ಈ ಸಲ ಸೋತಿದ್ದು ನಾನು. ಬೈಯೋ ಹಕ್ಕಾದ್ರೂ ನನಗಿರ್ಲಿ" ಎಂದು ಕಿಟಕಿ ಸರಿಸಿ ಹೊರಗೆ ಉಗಿದಳು. ಮತ್ತೆ, ತನ್ನ ಕೈತಪ್ಪಿ ಹೋದ ಆ ಮೂರನೆಯ ಗೋಲಿನ ಕಥೆಯನ್ನು ಮೊದಲಿನಿಂದ ಶುರು ಮಾಡಿದಳು.